ಅಂಬಾಸಿಡರ್‌ಗೆ ಡಿಸ್ಕ್ ಬ್ರೇಕ್: ಮನೆ ಪೋರ್ಟಿಕೊದಲ್ಲಿ ನಾನು ಮಾಡಿದ ಕೆಲಸ

ಹಳೇ ಕಾರಿಗೆ ಡಿಸ್ಕ್ ಬ್ರೇಕ್ ಹಾಕಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ. "ಈಗಿರೋ ಡ್ರಮ್ ನೆಟ್ಟಗೆ ಹಿಡೀತಿದೆಯಾ?" ಹೆಚ್ಚಿನವರ ಉತ್ತರ, "ಎರಡು ಸಲ ಪಂಪ್ ಮಾಡಿದ್ರೆ ಹಿಡಿಯುತ್ತೆ ಸಾರ್." ಅಂದರೆ ಅವರಿಗೆ ಬೇಕಿರುವುದು ಇನ್ನೂ ಡಿಸ್ಕ್ ಅಲ್ಲ, ಇರುವ ಬ್ರೇಕಿನ ರಿಪೇರಿ. ಡ್ರಮ್ ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿ, ಒಳಗಿನ ಶೂಗಳು ಅಗಲವಾಗಿ ಅದಕ್ಕೆ ಒತ್ತಿ ನಿಲ್ಲಿಸುತ್ತವೆ. ಡಿಸ್ಕ್ ಅಂದರೆ ತಟ್ಟೆ, ಅದನ್ನು ಕ್ಯಾಲಿಪರ್ ಅನ್ನುವ ಹಿಡಿ ಎರಡು ಪ್ಯಾಡುಗಳ ನಡುವೆ ಅದುಮುತ್ತದೆ.

ನನ್ನದು 1970ರ ದಶಕದ ಆರಂಭದ ಅಂಬಾಸಿಡರ್ ಮಾರ್ಕ್ 2. 1489 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್, ಕಾಲಿನ ಜೋರು ಹೆಚ್ಚಿಸುವ ಸರ್ವೋ ಗಿರ್ವೋ ಏನೂ ಇಲ್ಲ. ಆ ಕಾಲದ ರಸ್ತೆಗೆ ಅಷ್ಟು ಸಾಕಿತ್ತು. ಈಗ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಮುಂದಿರುವ ಎಬಿಎಸ್ ಕಾರು ಗಕ್ಕನೆ ನಿಲ್ಲುತ್ತದೆ. ನಾವೂ ಅಷ್ಟರಲ್ಲೇ ನಿಲ್ಲಬೇಕು. ನಡುವಿನ ಜಾಗಕ್ಕೆ ಒಂದು ಆಟೋ ಬೇರೆ ನುಗ್ಗಿರುತ್ತದೆ.

ಇನ್ನೊಂದು ತೊಂದರೆ ನಮ್ಮ ಏರಿಯಾದ್ದು. ಮನೆ ಇರುವುದು ಹನುಮಂತನಗರದ ಏರಿನಲ್ಲಿ. ಈ ಕಾರಿನ ಮುಂದಿನ ಡ್ರಮ್‌ನಲ್ಲಿ ಶೂಗಳನ್ನು ಒತ್ತುವ ಎರಡು ವೀಲ್ ಸಿಲಿಂಡರ್ ಇವೆ. ಚಕ್ರ ಮುಂದೆ ತಿರುಗುವಾಗ ಎರಡೂ ಶೂಗಳನ್ನು ಡ್ರಮ್ಮೇ ಎಳೆದುಕೊಂಡು ಬಿಗಿಯಾಗುತ್ತದೆ. ಹಿಂದಕ್ಕೆ ಉರುಳುವಾಗ ಇದೇ ಉಲ್ಟಾ, ಡ್ರಮ್ ಶೂಗಳನ್ನು ದೂಡುತ್ತದೆ. ಅದಕ್ಕೇ ಇಳಿಜಾರಿನಲ್ಲಿ ರಿವರ್ಸ್ ಹೋಗುವಾಗ ಪೆಡಲ್ ಮೇಲೆ ನಿಂತರೂ ಕಾರು ಜಾರುತ್ತಾ ಹೋಗುವುದು. ಡಿಸ್ಕ್‌ಗೆ ಈ ಭೇದ ಇಲ್ಲ, ಎರಡೂ ಕಡೆಗೂ ಒಂದೇ ಹಿಡಿತ. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರು ದಾಟಿ ಬಂದಾಗಲೂ ಹಾಗೇ. ಡ್ರಮ್ ಒಳಗೆ ಹೊಕ್ಕ ನೀರು ಬೇಗ ಹೋಗಲ್ಲ. ಡಿಸ್ಕ್ ತಿರುಗುತ್ತಲೇ ಕೊಡವಿ ಹಾಕುತ್ತದೆ.

ಇಷ್ಟೆಲ್ಲ ಇದ್ದರೂ ನಾನು ಮೊದಲು ಮುಟ್ಟಿದ್ದು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ದೂಡುವ ಮಾಸ್ಟರ್ ಸಿಲಿಂಡರನ್ನು. ಹಳೇ ಕಾರಿನಲ್ಲಿ ಒಂದೇ ಸಿಲಿಂಡರ್, ಒಂದೇ ಲೈನ್. ನಾಲ್ಕು ಚಕ್ರಗಳಲ್ಲಿ ಎಲ್ಲೋ ಒಂದು ಕಡೆ ಹೋಸ್ ಒಡೆದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಅಮೆರಿಕದಲ್ಲಿ 1968ರಿಂದಲೇ ಹೊಸ ಕಾರುಗಳಿಗೆ ಎರಡು ಪ್ರತ್ಯೇಕ ಲೈನ್ ಕಡ್ಡಾಯ ಮಾಡಿದ್ದರು. ಚೆಂದದ ಡಿಸ್ಕ್ ಹಾಕಿ ಒಂದೇ ಲೈನಿನಲ್ಲಿ ಓಡಿಸುವವರನ್ನು ನೋಡಿದ್ದೇನೆ. ನನ್ನ ಪ್ರಕಾರ ಅದು ಅರ್ಧ ಕೆಲಸ. ಹಣ ಒಂದಕ್ಕೇ ಇದ್ದರೆ ಎರಡು ಪ್ರತ್ಯೇಕ ಲೈನಿನ ಟ್ಯಾಂಡಮ್ ಸಿಲಿಂಡರ್ ಹಾಕಿ, ಡ್ರಮ್ ಹಾಗೇ ಇರಲಿ.

ಕೆಲಸ ಶುರುವಾಗುವುದು ಬಿಚ್ಚುವುದರಿಂದ. ಜಾಕ್ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಬೇಡಿ. ಗಟ್ಟಿ ನೆಲ, ನಾಲ್ಕು ಆಕ್ಸಲ್ ಸ್ಟ್ಯಾಂಡ್ ಇರಲೇಬೇಕು. ಡ್ರಮ್ ತೆಗೆದಾಗ ಒಳಗೆ ಬೂದಿಯಂಥ ಪುಡಿ ತುಂಬಿರುತ್ತದೆ. ಗ್ಯಾರೇಜುಗಳಲ್ಲಿ ಅದನ್ನು ಏರ್ ಹೊಡೆದು ಹಾರಿಸುವುದೇ ರೂಢಿ. ಶೂ ಮೇಲಿನ ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಈಚೆ ಬರಲ್ಲ. ನಾನು ಸೋಪಿನ ನೀರು ಸ್ಪ್ರೇ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿಟ್ಟೆ. ವೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳನ್ನು ಪೆಟ್ರೋಲ್‌ನಲ್ಲಿ ತೊಳೆಯುವುದೂ ಅಂಥದೇ ಕೆಟ್ಟ ರೂಢಿ. ಪೆಟ್ರೋಲ್, ಸೀಮೆಎಣ್ಣೆ ತಾಕಿದರೆ ಆ ರಬ್ಬರ್ ಊದಿಕೊಳ್ಳುತ್ತದೆ. ಅದಕ್ಕೆ ಬ್ರೇಕ್ ಆಯಿಲ್ಲೇ ಸರಿ.

ಹಳೇ ಫ್ಲೆಕ್ಸಿಬಲ್ ಹೋಸ್ ಒಂದನ್ನು ಉದ್ದಕ್ಕೆ ಸೀಳಿ ನೋಡಿದೆ. ಹೊರಗೆ ಏನೂ ಆಗಿರಲಿಲ್ಲ. ಒಳಗಿನ ರಬ್ಬರ್ ಊದಿ, ನಡುವಿನ ತೂತು ಗುಂಡುಸೂಜಿ ಹೋಗುವಷ್ಟು ಮಾತ್ರ ಉಳಿದಿತ್ತು. ಕಾಲಿನ ಜೋರಿಗೆ ಆಯಿಲ್ ಚಕ್ರಕ್ಕೆ ಹೋಗುತ್ತದೆ, ವಾಪಸ್ ಬರಲು ತಿಣುಕುತ್ತದೆ. ಒಂದು ಚಕ್ರ ಮಾತ್ರ ಬಿಸಿಯಾಗುತ್ತಿದ್ದರೆ ಶೂ ಬದಲಿಸುವ ಮೊದಲು ಹೋಸ್ ಮೇಲೆ ಅನುಮಾನ ಪಡಿ.

ಸಾಮಾನಿಗೆ ಜೆ.ಸಿ. ರಸ್ತೆ. ಅಲ್ಲಿ ಸಿಗದ್ದಕ್ಕೆ ಶಿವಾಜಿನಗರದ ಗುಜರಿ. ಕೊನೆಯ ಕಾಲದ ಅಂಬಾಸಿಡರ್‌ಗಳಿಗೆ ಮುಂದೆ ಡಿಸ್ಕ್ ಬರುತ್ತಿತ್ತು, 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದ ಫ್ಯಾಕ್ಟರಿ ನಿಲ್ಲುವ ತನಕ. ಬೇರೆ ಕಂಪನಿ ಕಾರಿನ ಕ್ಯಾಲಿಪರ್ ತಂದು ಪ್ಲೇಟ್ ಕೊರೆದು ಕೂರಿಸುವ ಬದಲು, ನಾನು ಹುಡುಕಿದ್ದು ಇದೇ ಮನೆತನದ ಸೆಟ್. ಚಕ್ರ ಕೂರುವ ಸ್ಟಬ್ ಆಕ್ಸಲ್ ಮತ್ತು ಹಬ್, ಡಿಸ್ಕ್, ಕ್ಯಾಲಿಪರ್, ಎರಡೂ ಕಡೆದು, ಒಂದೇ ಗಾಡಿಯಿಂದ ಬಿಚ್ಚಿದ್ದು. "ಬಿಡಿ ಬಿಡಿಯಾಗಿ ತಗೊಂಡೋಗ್ಬೇಡಿ ಸಾರ್, ಆಮೇಲೆ ಒಂದಕ್ಕೊಂದು ಕೂರಲ್ಲ" ಅಂತ ಗುಜರಿ ಭಾಯ್ ಹೇಳಿದರು. ಮಾರುವವರ ಮಾತು ಅಂದುಕೊಳ್ಳಬಹುದು, ಆದರೆ ನಿಜವೇ. ಡಿಸ್ಕ್, ಪ್ಯಾಡ್, ಬೇರಿಂಗ್, ಕ್ಯಾಲಿಪರಿನ ಸೀಲುಗಳನ್ನು ಮಾತ್ರ ಹೊಸದೇ ಹಾಕಿದೆ. ಬ್ರೇಕ್ ವಿಷಯದಲ್ಲಿ ಗುಜರಿಯ ರಬ್ಬರ್ ಮುಟ್ಟಲೇಬಾರದು.

ಈಗ ಎಲ್ಲರೂ ಎಡವುವ ಜಾಗ, ಥ್ರೆಡ್, ಅಂದರೆ ನಟ್ಟಿನ ಸುತ್ತು. ಹಳೇ ಪೈಪಿನ ನಟ್ಟುಗಳು ಇಂಚಿನ ಲೆಕ್ಕದವು, 3/8 ಇಂಚು, ಇಂಚಿಗೆ 24 ಸುತ್ತು. ಹೊಸ ಸಾಮಾನು ಹೆಚ್ಚಾಗಿ ಮೆಟ್ರಿಕ್, 10 ಮಿ.ಮೀ., ಸುತ್ತಿನಿಂದ ಸುತ್ತಿಗೆ 1 ಮಿ.ಮೀ. 3/8 ಇಂಚು ಅಂದರೆ 9.5 ಮಿ.ಮೀ.ಗೆ ಸ್ವಲ್ಪ ಜಾಸ್ತಿ. ಹಾಗಾಗಿ ಸಣ್ಣ ನಟ್ಟು ದೊಡ್ಡ ತೂತಿನಲ್ಲಿ ಸಲೀಸಾಗಿ ತಿರುಗುತ್ತದೆ, ಹಿಡಿದಂತೆಯೂ ಅನಿಸುತ್ತದೆ. ಪೆಡಲ್ ಒತ್ತಿದಾಗ ಕಿತ್ತುಕೊಂಡು ಬರಬಹುದು. ಥ್ರೆಡ್ ಗೇಜ್ ದೊಡ್ಡ ಬೆಲೆಯದ್ದಲ್ಲ, ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುತ್ತದೆ. ಕೈಗೆ ಬಂದ ಪ್ರತಿ ನಟ್ಟನ್ನೂ ಅಳೆದು, ಇಂಚಿನದ್ದಕ್ಕೆಲ್ಲ ಕೆಂಪು ಪೇಂಟ್ ಚುಕ್ಕೆ ಇಟ್ಟೆ.

ಮಾಸ್ಟರ್ ಸಿಲಿಂಡರ್ ಈ ಕಾರಿನಲ್ಲಿ ಡ್ರೈವರ್ ಕಾಲಡಿ, ನೆಲದ ಕೆಳಗಿದೆ. ಆಯಿಲ್ ನೋಡಬೇಕಾದರೂ ಮ್ಯಾಟ್ ಎತ್ತಬೇಕು. ಅದೇ ಜಾಗಕ್ಕೆ ಟ್ಯಾಂಡಮ್ ಕೂರಿಸಲು ದಪ್ಪ ಪ್ಲೇಟಿನ ಬ್ರಾಕೆಟ್ ಬೇಕಾಯಿತು. ರಟ್ಟಿನಲ್ಲಿ ಅಳತೆ ಕತ್ತರಿಸಿ ಪೀಣ್ಯದ ಒಂದು ಲೇತ್ ಅಂಗಡಿಗೆ ಕೊಟ್ಟೆ. ವೆಲ್ಡಿಂಗ್ ನನಗೂ ಅಷ್ಟಿಷ್ಟು ಬರುತ್ತದೆ, ಆದರೆ ಕಾಲಿನ ಪೂರ್ತಿ ಜೋರು ಬೀಳುವ ಬ್ರಾಕೆಟ್‌ಗೆ ಅಷ್ಟಿಷ್ಟು ಸಾಲದು. ಆಯಿಲ್ ಡಬ್ಬಿಯನ್ನು ಬಾನೆಟ್ ಒಳಗೆ ಎತ್ತರದಲ್ಲಿ ಕೂರಿಸಿ, ಹೋಸಿನಿಂದ ಕೆಳಕ್ಕೆ ಇಳಿಸಿದೆ. ಇದರಿಂದ ಎರಡು ಲಾಭ. ಆಯಿಲ್ ಮಟ್ಟ ಕಣ್ಣಿಗೆ ಕಾಣುತ್ತದೆ. ಸಿಲಿಂಡರ್ ಕ್ಯಾಲಿಪರ್‌ಗಿಂತ ಕೆಳಗಿದ್ದರೂ ಡಬ್ಬಿ ಮೇಲಿರುವುದರಿಂದ ಆಯಿಲ್ ಹಿಂದಕ್ಕೆ ಇಳಿದು ಹೋಗಲ್ಲ. ಆ ಹೋಸ್ ಬ್ರೇಕ್ ಆಯಿಲ್‌ಗೆ ಅಂತಲೇ ಮಾಡಿದ್ದಿರಬೇಕು, ಪೆಟ್ರೋಲ್ ಪೈಪ್ ನಡೆಯಲ್ಲ.

ಡ್ರಮ್ ಲೈನಿನ ಸಿಲಿಂಡರಿನಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ, ಪೆಡಲ್ ಬಿಟ್ಟ ಮೇಲೂ ಸ್ವಲ್ಪ ಒತ್ತಡ ಉಳಿಸಿಕೊಳ್ಳಲು. ಡ್ರಮ್‌ನಲ್ಲಿ ಶೂಗಳನ್ನು ಹಿಂದಕ್ಕೆಳೆಯಲು ಗಟ್ಟಿ ಸ್ಪ್ರಿಂಗ್ ಇದೆ, ನಡೆಯುತ್ತದೆ. ಡಿಸ್ಕ್‌ಗೆ ಸ್ಪ್ರಿಂಗ್ ಇಲ್ಲ. ಅಷ್ಟು ಒತ್ತಡ ಉಳಿದರೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಟ್ಯಾಂಡಮ್‌ನಲ್ಲಿ ಡಿಸ್ಕ್ ಕಡೆಯ ತೂತು ಯಾವುದು, ಡ್ರಮ್ ಕಡೆಯದು ಯಾವುದು ಅಂತ ಅಂಗಡಿಯಲ್ಲೇ ಕೇಳಿ ಗುರುತು ಹಾಕಿಕೊಳ್ಳಿ.

ಸಿಲಿಂಡರ್ ದಪ್ಪದ ಲೆಕ್ಕವೂ ಗೊತ್ತಿರಲಿ. ಮುಕ್ಕಾಲು ಇಂಚಿನಿಂದ 7/8 ಇಂಚಿಗೆ ಹೋದರೆ ಕ್ಷೇತ್ರಫಲ 36% ಏರುತ್ತದೆ. ಪೆಡಲ್ ಕಡಿಮೆ ಇಳಿಯುತ್ತದೆ, ಆದರೆ ಕಾಲಿಗೆ ಅಷ್ಟೇ ಭಾರ ಜಾಸ್ತಿ. ಮೊದಲೇ ಡಿಸ್ಕ್‌ಗೆ ಡ್ರಮ್ಮಿನಂತೆ ತನ್ನನ್ನು ತಾನೇ ಬಿಗಿದುಕೊಳ್ಳುವ ಗುಣ ಇಲ್ಲ. ಅದಕ್ಕೇ ಸರ್ವೋ. ನಾನು ಹಾಕಿದ್ದು ಬಾನೆಟ್ ಒಳಗೆ ಬೇರೆಯಾಗಿ ಕೂರುವ ಸರ್ವೋ, ಮುಂದಿನ ಲೈನಿಗೆ ಮಾತ್ರ. ಹಿಂದಿನ ಡ್ರಮ್‌ಗೆ ಬರೀ ಕಾಲಿನ ಜೋರು. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ, ಈ ಜೋಡಣೆಯಲ್ಲಿ ಆ ಭಯ ಕಡಿಮೆ. ಬೆಂಗಳೂರಿನವರು ಇನ್ನೊಂದು ನೆನಪಿಡಬೇಕು. ನಾವಿರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹತ್ತಿರ ಹತ್ತಿರ 10% ಕಡಿಮೆ. ಸರ್ವೋ ಕೆಲಸ ಮಾಡುವುದೇ ಆ ಒತ್ತಡದಿಂದ. ಅದೇ ಕಾರು ಮಂಗಳೂರಿನಲ್ಲಿ ಕಾಲಿಗೆ ತುಸು ಹಗುರ ಅನಿಸಿದರೆ ಅದು ಭ್ರಮೆಯಲ್ಲ.

ಪೈಪ್ ಪೂರ್ತಿ ಹೊಸದು, ತಾಮ್ರ-ನಿಕ್ಕಲ್ ಮಿಶ್ರದ್ದು, 3/16 ಇಂಚು. ಬರೀ ತಾಮ್ರದ ಪೈಪ್ ಬಗ್ಗಿಸಲು ಸುಲಭ, ಆದರೆ ಅದುರಿ ಅದುರಿ ಗಡುಸಾಗಿ ಸೀಳುತ್ತದೆ. ತುದಿಯನ್ನು ಡಬಲ್ ಫ್ಲೇರ್ ಮಾಡಬೇಕು, ಅಂದರೆ ಅಂಚನ್ನು ಮಡಚಿ ಅದರ ಮೇಲೇ ಮತ್ತೆ ಒತ್ತಬೇಕು. ನಟ್ಟನ್ನು ಮೊದಲೇ ಪೈಪಿಗೆ ಪೋಣಿಸಿರಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಹೇಳಬೇಕು, ಅಲ್ವಾ?

ಡಿಸ್ಕ್ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿ ನೋಡಿದೆ. ಓಲಾಟ 0.1 ಮಿ.ಮೀ. ಒಳಗಿದ್ದರೆ ಪೆಡಲ್ ನಡುಗಲ್ಲ. ಜಾಸ್ತಿ ಬಂದರೆ ಹಬ್ಬಿನ ಮುಖದ ಮೇಲಿನ ತುಕ್ಕು ಕೆರೆದು ಮತ್ತೆ ನೋಡಿ, ಸುಮ್ನೆ ಡಿಸ್ಕ್ ಮೇಲೆ ತಪ್ಪು ಹೊರಿಸಬೇಡಿ. ಕ್ಯಾಲಿಪರಿನಲ್ಲಿ ಗಾಳಿ ಹೊರಬಿಡುವ ಏರ್ ನಿಪ್ಪಲ್ ಮೇಲ್ಗಡೆಯೇ ಇರಬೇಕು. ಎಡ-ಬಲ ಅದಲುಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ, ಎಷ್ಟು ಪಂಪ್ ಮಾಡಿದರೂ ಮೇಲಿನ ಗಾಳಿ ಹೋಗಲ್ಲ.

ಲೈನಿನೊಳಗಿನ ಏರ್ ತೆಗೆಯಲು ಇಬ್ಬರು ಬೇಕು. ಪೆಡಲ್ ಮೇಲೆ ನನ್ನ ಹೆಂಡತಿ, ಚಕ್ರದ ಹತ್ತಿರ ನಾನು. ಸಿಲಿಂಡರ್‌ನಿಂದ ಅತಿ ದೂರದ ಚಕ್ರ, ಅಂದರೆ ಹಿಂದಿನ ಎಡಗಡೆಯದು ಮೊದಲು. "ಒತ್ತು." "ಒತ್ತಿದೀನಿ." "ಹಿಡ್ಕೊ." ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿದು, "ಈಗ ಬಿಡು." ಈ ಕ್ರಮ ತಪ್ಪಿದರೆ ಹೊರಗಿನ ಗಾಳಿಯನ್ನೇ ಒಳಗೆಳೆದುಕೊಳ್ಳುತ್ತದೆ. "ರೀ, ನಂಗೆ ಕಾಫಿ ಯಾವಾಗ?" ಅಂತ ಒಳಗಿಂದ ದನಿ ಬಂದಾಗಲೂ ಪೆಡಲ್ ಮಾತ್ರ ಅಲುಗಲಿಲ್ಲ. ಹಾಕಿದ್ದು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ಬಾಡಿ ಮೇಲೆ ಒಂದು ಹನಿ ಬಿದ್ದರೂ ಪೇಂಟ್ ಕಿತ್ತುಕೊಂಡು ಬರುತ್ತದೆ, ಪಕ್ಕದಲ್ಲಿ ಬಕೆಟ್ ನೀರು ಇರಲಿ.

ಆಮೇಲೆ ಮಾಡಿದ ಪರೀಕ್ಷೆಯನ್ನು ಯಾರೂ ಬಿಡಬಾರದು. ಕಾರು ಸ್ಟ್ಯಾಂಡ್ ಮೇಲೆ ಇದ್ದಾಗಲೇ ಮುಂದಿನ ನಿಪ್ಪಲ್ ಬೇಕಂತಲೇ ತೆರೆದೆ. ಹೋಸ್ ಒಡೆದರೆ ಆಗುವುದೂ ಅದೇ. ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯಿತು, ಅಲ್ಲಿ ನಿಂತಿತು. ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ನೋಡಿದೆ, ಅಲುಗಲಿಲ್ಲ. ಹಳೇ ಸಿಲಿಂಡರ್ ಇದ್ದಿದ್ದರೆ ಆ ಚಕ್ರ ಸಲೀಸಾಗಿ ತಿರುಗುತ್ತಿತ್ತು.

ರಸ್ತೆಗೆ ಇಳಿದ ಮೇಲೆ ಪ್ಯಾಡ್ ಪಳಗಿಸಬೇಕು. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 50ರಿಂದ 10 ಕಿ.ಮೀ. ವೇಗಕ್ಕೆ ನಿಧಾನವಾಗಿ ಇಳಿಸುವುದು, ಸ್ವಲ್ಪ ದೂರ ಸುಮ್ನೆ ಓಡಿಸಿ ತಣಿಸುವುದು, ಮತ್ತೆ ಇಳಿಸುವುದು. ಪೂರ್ತಿ ನಿಂತು ಪೆಡಲ್ ಅದುಮಿಕೊಂಡು ಕೂರಬಾರದು, ಬಿಸಿ ಡಿಸ್ಕ್ ಮೇಲೆ ಪ್ಯಾಡಿನ ಅಚ್ಚು ಬೀಳುತ್ತದೆ. ಆಮೇಲೆ ನಂದಿ ಬೆಟ್ಟ. ಮೊದಲು ಆ ತಿರುವುಗಳಲ್ಲಿ ಇಳಿಯುವಾಗ ಅರ್ಧ ದಾರಿಗೇ ಲೈನಿಂಗ್ ಕರಕಲು ವಾಸನೆ ಬಂದು ಪೆಡಲ್ ಮೆತ್ತಗಾಗುತ್ತಿತ್ತು. ಈಗ ವಾಸನೆ ಇಲ್ಲ. ಹಾಗಂತ ಟಾಪ್ ಗೇರಿನಲ್ಲಿ ಇಳಿಯುವ ಅಭ್ಯಾಸ ಮಾಡಿಕೊಂಡಿಲ್ಲ, ಎರಡನೇ ಗೇರೇ.

ಕಾಗದ ಪತ್ರದ ವಿಷಯ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕೈ ಹಾಕುವ ಮೊದಲು ಆರ್‌ಟಿಓದಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಇದ್ದೇ ಇದೆ. ಬಿಲ್ಲು, ಫೋಟೋ ಎಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಆಯಿಲ್ ಬದಲಿಸಿದ ತಾರೀಕೂ ಅದರಲ್ಲೇ ಇದೆ, ಡಾಟ್ 4 ನೀರು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹಾಕುತ್ತೇನೆ. ಹ್ಯಾಂಡ್ ಬ್ರೇಕ್ ಕೇಬಲ್ ಮಾತ್ರ ಇನ್ನೂ ಹಳೇದು, ಆಯುಧಪೂಜೆಗೆ ಮುಂಚೆ ಅದನ್ನೂ ಬದಲಿಸಬೇಕು.