ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಗಾಬರಿಯಾಗಿದೆಯಾ? ಎರಡನೇ ಡಾಕ್ಟರ ಹತ್ತಿರ ಹೀಗೆ ಹೋಗಿ

ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿದ ಮೇಲೆ ಡಾಕ್ಟರು "ಒಂದು ಸಣ್ಣ ಡೌಟ್ ಇದೆ, ಇನ್ನೊಂದು ಕಡೆ ತೋರಿಸಿ" ಅಂದರೆ ಕೈಕಾಲೇ ಆಡುವುದಿಲ್ಲ. ಮನೆಗೆ ಬರುವಷ್ಟರಲ್ಲಿ ಅಮ್ಮ, ಅತ್ತೆ, ಚಿಕ್ಕಮ್ಮ ಎಲ್ಲರಿಗೂ ಸುದ್ದಿ ಗೊತ್ತಾಗಿರುತ್ತದೆ. ಒಬ್ಬರು ಇವತ್ತೇ ಬೆಂಗಳೂರಿಗೆ ಹೊರಡಿ ಅಂತಾರೆ. ಇನ್ನೊಬ್ಬರು ಏನೂ ಆಗಲ್ಲ, ಸುಮ್ನೆ ದುಡ್ಡಿಗೋಸ್ಕರ ಹೆದರಿಸ್ತಾರೆ ಅಂತಾರೆ. ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ತೆಗೆದುಕೊಳ್ಳುವುದಕ್ಕೆ ಒಂದು ಕ್ರಮ ಇದೆ. ಸರಿಯಾದ ಕಾಗದ ಹಿಡಿದು, ಸರಿಯಾದ ಡಾಕ್ಟರ ಹತ್ತಿರ, ತಡ ಮಾಡದೆ ಹೋಗಬೇಕು. ಇನ್ನೊಂದು ಸೆಂಟರಿಗೆ ಹೋಗಿ ಅದೇ ಸ್ಕ್ಯಾನಿಂಗನ್ನು ಮತ್ತೆ ಮಾಡಿಸಿಕೊಂಡು ಬಂದರೆ ಅದು ಎರಡನೇ ಅಭಿಪ್ರಾಯ ಆಗುವುದಿಲ್ಲ.

ಮೊದಲು ರಿಪೋರ್ಟಲ್ಲಿ ಏನು ಬರೆದಿದೆ ಅಂತ ತಿಳಿದುಕೊಳ್ಳಿ. ಬಿಪಿಡಿ, ಎಚ್‌ಸಿ, ಎಸಿ, ಎಫ್‌ಎಲ್ ಅಂತ ಇರುವ ಸಾಲುಗಳು ಮಗುವಿನ ತಲೆ, ಹೊಟ್ಟೆ, ತೊಡೆ ಮೂಳೆಯ ಅಳತೆ. ಅವನ್ನು ಗೂಗಲ್ ಮಾಡುತ್ತಾ ರಾತ್ರಿ ಕಳೆಯಬೇಡಿ. ಕೊನೆಯ ಪುಟದ ಕೆಳಗೆ 'ಇಂಪ್ರೆಷನ್' ಅಂತ ಒಂದು ಭಾಗ ಇರುತ್ತದೆ, ಡಾಕ್ಟರ ತೀರ್ಮಾನ ಇರುವುದು ಅಲ್ಲಿ. ಅದನ್ನು ಓದಿ ಅವರನ್ನೇ ನೇರವಾಗಿ ಒಂದು ಪ್ರಶ್ನೆ ಕೇಳಿ: "ಇದು ಸರಿಯಾಗಿ ಕಾಣಲಿಲ್ಲ ಅಂತಲಾ, ಇಲ್ಲ ಕಂಡಿದ್ದರಲ್ಲೇ ತೊಂದರೆ ಇದೆ ಅಂತಲಾ?"

ಈ ಎರಡಕ್ಕೂ ಅಜಗಜಾಂತರ. ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಹೃದಯ, ತುಟಿ ಸರಿಯಾಗಿ ಕಾಣುವುದಿಲ್ಲ. ತಾಯಿಯ ಹೊಟ್ಟೆಯ ಕೊಬ್ಬು ಜಾಸ್ತಿ ಇದ್ದರೂ ಹಾಗೇ ಆಗುತ್ತದೆ. ಆಗ 'ಸಬ್‌ಆಪ್ಟಿಮಲ್' ಅಂತ ಬರೆದು ವಾರ ಬಿಟ್ಟು ಬನ್ನಿ ಅಂತಾರೆ. ನಮ್ಮ ನಾದಿನಿಗೂ ಇದೇ ಆಯಿತು. ಹೃದಯ ಸರಿಯಾಗಿ ಕಾಣುತ್ತಿಲ್ಲ ಅಂತ ಮೊದಲ ಕಡೆ ಬರೆದುಕೊಟ್ಟರು. ಎರಡನೇ ಡಾಕ್ಟರು ಅವಳನ್ನು ಎಡಕ್ಕೆ, ಬಲಕ್ಕೆ ಮಗ್ಗುಲಾಗಿಸಿ ನೋಡಿದರು, ಆಗಲಿಲ್ಲ. "ಎದ್ದು ವರಾಂಡದಲ್ಲಿ ಸ್ವಲ್ಪ ಓಡಾಡಮ್ಮ, ಏನಾದರೂ ತಿಂದು ಬಾ" ಅಂದರು. ಅವಳು ಒಂದು ಬನ್ನು ತಿಂದು, ಓಡಾಡಿ ಬಂದಾಗ ಮಗು ತಿರುಗಿತ್ತು. ಹೃದಯದ ನಾಲ್ಕು ಕೋಣೆಯೂ ಸ್ಪಷ್ಟವಾಗಿ ಕಂಡವು. ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕಾಣದೇ ಇರುವುದನ್ನು ಕಾಯಿಲೆ ಅಂದುಕೊಂಡು ಒಂದು ವಾರ ಊಟ ಬಿಟ್ಟವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ಕೆಲವು ರಿಪೋರ್ಟಲ್ಲಿ 'ಸಾಫ್ಟ್ ಮಾರ್ಕರ್', ಅಂದರೆ ಸಣ್ಣ ಸೂಚನೆ, ಅಂತ ಇರುತ್ತದೆ. ಮಿದುಳಿನಲ್ಲಿ ಸಣ್ಣ ನೀರಿನ ಗುಳ್ಳೆ, ಅಂದರೆ ಕೋರಾಯ್ಡ್ ಪ್ಲೆಕ್ಸಸ್ ಸಿಸ್ಟ್. ಹೃದಯದಲ್ಲಿ ಒಂದು ಬಿಳಿ ಚುಕ್ಕೆ. ಕಿಡ್ನಿಯ ಭಾಗ ಸ್ವಲ್ಪ ಅಗಲ ಇರುವುದು. ಇವು ತಾವಾಗಿಯೇ ಕಾಯಿಲೆ ಅಲ್ಲ. ಆರೋಗ್ಯವಂತ ಮಕ್ಕಳಲ್ಲೂ ಕಾಣುತ್ತವೆ. ಆ ನೀರಿನ ಗುಳ್ಳೆ ಸಾಮಾನ್ಯವಾಗಿ ಏಳನೇ ತಿಂಗಳ ಹೊತ್ತಿಗೆ ಕರಗಿ ಹೋಗುತ್ತದೆ. ಒಂದೇ ಒಂದು ಮಾರ್ಕರ್ ಇದ್ದು, ರಕ್ತ ಪರೀಕ್ಷೆ ಸರಿ ಇದ್ದು, ಉಳಿದಿದ್ದೆಲ್ಲ ಚೆನ್ನಾಗಿದ್ದರೆ ಲೆಕ್ಕವೇ ಬೇರೆ. ಎರಡು ಮೂರು ಒಟ್ಟಿಗೆ ಇದ್ದರೆ ಬೇರೆ. ಹಾಗಾಗಿ "ಇದೊಂದೇನಾ, ಜೊತೆಗೆ ಬೇರೆ ಏನಾದರೂ ಇದೆಯಾ" ಅಂತ ಕೇಳಲೇಬೇಕು. ಐದನೇ ತಿಂಗಳಲ್ಲಿ ಕಸ (ಪ್ಲಾಸೆಂಟಾ) ಕೆಳಗಿದೆ ಅಂದರೂ ಜಾಸ್ತಿ ಹೆದರಬೇಡಿ. ಗರ್ಭಕೋಶ ಬೆಳೆದ ಹಾಗೆ ಬಹಳಷ್ಟು ಜನರಲ್ಲಿ ಅದು ಮೇಲಕ್ಕೆ ಹೋಗುತ್ತದೆ, 32 ವಾರದ ಸುಮಾರಿಗೆ ಮತ್ತೆ ನೋಡುತ್ತಾರೆ.

ರಕ್ತ ಪರೀಕ್ಷೆಗಳಾದ ಡಬಲ್ ಮಾರ್ಕರ್, ಕ್ವಾಡ್ರುಪಲ್ ಮಾರ್ಕರ್‌ನಲ್ಲಿ 'ಹೈ ರಿಸ್ಕ್' ಅಂತ ಕೆಂಪಕ್ಷರದಲ್ಲಿ ಬಂದರೆ ಪಕ್ಕದ ಸಂಖ್ಯೆ ನೋಡಿ. 1:200 ಅಂತ ಇದ್ದರೆ, ಇದೇ ರಿಪೋರ್ಟ್ ಬಂದ 200 ತಾಯಂದಿರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ವಂಶವಾಹಿ ತೊಂದರೆ ಇರಬಹುದು, 199 ಮಕ್ಕಳಿಗೆ ಇರುವುದಿಲ್ಲ. ಅದು ಮುಂದಿನ ಪರೀಕ್ಷೆ ಬೇಕಾ ಅಂತ ಹೇಳುವ ಸಂಖ್ಯೆ, ಅಷ್ಟೇ.

ಆದರೆ ಅಂಗಾಂಗದಲ್ಲೇ ಏನೋ ವ್ಯತ್ಯಾಸ ಕಂಡಿದೆ, ಬೆನ್ನುಮೂಳೆ, ಹೃದಯ, ತಲೆಯಲ್ಲಿ ನೀರು, ಹೊಟ್ಟೆಯ ಗೋಡೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಅವತ್ತೇ ಎದ್ದು ಕೆಲಸ ಶುರು ಮಾಡಬೇಕು. ಅಮಾವಾಸ್ಯೆ ಕಳೆಯಲಿ, ಹಬ್ಬ ಮುಗಿಯಲಿ ಅನ್ನಬೇಡಿ.

ಯಾಕೆಂದರೆ ಇಲ್ಲಿ ವಾರಗಳ ಲೆಕ್ಕ ಇದೆ. 2021ರಲ್ಲಿ ತಿದ್ದುಪಡಿಯಾದ ಎಂಟಿಪಿ ಕಾಯ್ದೆ ಪ್ರಕಾರ 20 ವಾರದವರೆಗೆ ಗರ್ಭಪಾತಕ್ಕೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಮಗುವಿಗೆ ಗಂಭೀರ ತೊಂದರೆ ಇದ್ದಾಗ 20ರಿಂದ 24 ವಾರದವರೆಗೆ ಇಬ್ಬರು ಡಾಕ್ಟರು ಒಪ್ಪಬೇಕು. 24 ವಾರ ದಾಟಿದ ಮೇಲೆ ಮಗುವಿನಲ್ಲಿ ಗಂಭೀರ ನ್ಯೂನತೆ ಇದ್ದರೆ ಸರ್ಕಾರದ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. ಅರ್ಜಿ ಬಂದ 3 ದಿನದೊಳಗೆ ಬೋರ್ಡ್ ಅಭಿಪ್ರಾಯ ಕೊಡಬೇಕು ಅಂತ ನಿಯಮ ಇದೆ. ನೀವು ಮಗುವನ್ನು ಉಳಿಸಿಕೊಳ್ಳುವ ತೀರ್ಮಾನವನ್ನೇ ಮಾಡಬಹುದು, ಬಹಳ ಜನ ಮಾಡುತ್ತಾರೆ. ಆದರೂ ಈ ಲೆಕ್ಕ ಗೊತ್ತಿರಬೇಕು, ಯಾಕೆಂದರೆ ಆಮ್ನಿಯೋಸೆಂಟೆಸಿಸ್ (ಮಗುವಿನ ಸುತ್ತಲ ನೀರಿನ ಪರೀಕ್ಷೆ) ಮಾಡಿಸಿದರೆ ಅದರ ಪೂರ್ತಿ ರಿಪೋರ್ಟ್ ಬರುವುದಕ್ಕೇ ಎರಡು ಮೂರು ವಾರ ಹಿಡಿಯುತ್ತದೆ. 21ನೇ ವಾರದಲ್ಲಿ ಸ್ಕ್ಯಾನಿಂಗ್ ಆಗಿ, ಒಂದು ವಾರ ಯೋಚನೆಯಲ್ಲೇ ಕಳೆದರೆ ಮುಂದೆ ಕೈಯಲ್ಲಿ ದಿನಗಳೇ ಉಳಿಯುವುದಿಲ್ಲ. ಅದಕ್ಕೇ ಮಗುವಿನ ಅಂಗಾಂಗ ನೋಡುವ ಈ ಅನಾಮಲಿ ಸ್ಕ್ಯಾನಿಂಗನ್ನು 18ರಿಂದ 20 ವಾರದ ಒಳಗೇ ಮಾಡಿಸಿಕೊಳ್ಳಿ ಅಂತ ಎಲ್ಲ ಬಸುರಿಯರಿಗೂ ಹೇಳುತ್ತೇನೆ.

ಕಾಗದಗಳ ವಿಷಯಕ್ಕೆ ಬರೋಣ. ಒಂದು ಫೈಲ್ ಮಾಡಿ. ತಾಯಿ ಕಾರ್ಡ್, ಇಲ್ಲಿಯವರೆಗಿನ ಎಲ್ಲ ಸ್ಕ್ಯಾನಿಂಗ್ ರಿಪೋರ್ಟ್, ರಕ್ತ ಪರೀಕ್ಷೆಗಳು, ಬ್ಲಡ್ ಗ್ರೂಪ್, ಶುಗರ್, ಥೈರಾಯ್ಡ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ. ಇವುಗಳಲ್ಲಿ ಜನ ಮರೆತು ಬರುವುದು ಎರಡನೇ ಮೂರನೇ ತಿಂಗಳ ಮೊದಲ ಸ್ಕ್ಯಾನಿಂಗ್ ರಿಪೋರ್ಟನ್ನು. ಅದೇ ಬಹಳ ಮುಖ್ಯ. ಮಗುವಿನ ವಯಸ್ಸು ಸರಿಯಾಗಿ ಗೊತ್ತಾಗುವುದು ಆ ಸ್ಕ್ಯಾನಿಂಗಿನಿಂದ. ಮುಟ್ಟಿನ ದಿನಾಂಕ ತಪ್ಪಾಗಿ ಹೇಳಿದ್ದರೆ, ಚೆನ್ನಾಗಿ ಬೆಳೆಯುತ್ತಿರುವ ಮಗುವೂ ಬೆಳವಣಿಗೆ ಕಡಿಮೆ ಅನ್ನಿಸಿಕೊಳ್ಳುತ್ತದೆ.

ರಿಪೋರ್ಟ್ ಜೊತೆ ಕೊಡುವ ಕಪ್ಪು ಬಿಳುಪಿನ ಸಣ್ಣ ಚಿತ್ರಗಳಿವೆಯಲ್ಲ, ನುಣುಪು ಕಾಗದದ್ದು, ಅವು ಥರ್ಮಲ್ ಪೇಪರ್. ಬಿಸಿ ತಾಗಿದರೆ ಹಾಳಾಗುತ್ತವೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಜೋಪಾನ ಅಂತ ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಮೆಷಿನ್ನಿನಿಂದ ಹೊರಗೆ ಬರುವಾಗ ಪೂರ್ತಿ ಕಪ್ಪಾಗಿರುತ್ತದೆ. ಮೊದಲೇ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಚಿತ್ರ, ವಿಡಿಯೋ ಇರುವ ಸಿ.ಡಿ. ಅಥವಾ ಪೆನ್‌ಡ್ರೈವ್ ಸಿಗುತ್ತದಾ ಅಂತಲೂ ಕೇಳಿ. ವಾಟ್ಸಾಪಿನಲ್ಲಿ ಬಂದ ಮಸುಕು ಫೋಟೋ ನೋಡಿ ಯಾವ ಒಳ್ಳೆಯ ಡಾಕ್ಟರೂ ಖಚಿತವಾಗಿ ಏನೂ ಹೇಳುವುದಿಲ್ಲ. ಆಸ್ಪತ್ರೆಯವರು ದಾಖಲೆ ಕೊಡಲ್ಲ ಅಂದರೆ ಲಿಖಿತವಾಗಿ ಕೇಳಿ. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು ಅಂತ ಡಾಕ್ಟರುಗಳ ನಡತೆಯ ನಿಯಮದಲ್ಲೇ ಇದೆ.

ಯಾರ ಹತ್ತಿರ ಹೋಗಬೇಕು? ನೀವು ಕೇಳಬೇಕಾದ್ದು 'ಫೀಟಲ್ ಮೆಡಿಸಿನ್' ಡಾಕ್ಟರನ್ನು. ಹೊಟ್ಟೆಯೊಳಗಿನ ಮಗುವಿನ ತೊಂದರೆಗಳನ್ನು ನೋಡುವುದಕ್ಕೇ ತರಬೇತಿ ಪಡೆದವರು ಇವರು. ಹೃದಯದ ಅನುಮಾನ ಇದ್ದರೆ ಫೀಟಲ್ ಎಕೋ (ಹೊಟ್ಟೆಯೊಳಗಿನ ಮಗುವಿನ ಹೃದಯದ ಸ್ಕ್ಯಾನಿಂಗ್) ಮಾಡುವ, ಮಕ್ಕಳ ಹೃದಯದ ಡಾಕ್ಟರು ಬೇಕು. ವಂಶವಾಹಿಯ ವಿಷಯ ಬಂದರೆ ಜೆನೆಟಿಕ್ ಕೌನ್ಸೆಲಿಂಗ್ ಬೇಕು, ಅದಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ನಮ್ಮ ಕಡೆ ಸರ್ಕಾರಿ ವ್ಯವಸ್ಥೆಯಲ್ಲಿ ಮಂಡ್ಯದವರಿಗೆ ಮಿಮ್ಸ್ ಮೆಡಿಕಲ್ ಕಾಲೇಜು ಆಸ್ಪತ್ರೆ, ಮೈಸೂರಿನವರಿಗೆ ಚೆಲುವಾಂಬ ಆಸ್ಪತ್ರೆ. ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದ ಖಾಸಗಿ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಹತ್ತಿರ. ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಒಂದು ಅನುಕೂಲ ಇದೆ, ಹೆರಿಗೆ, ರೇಡಿಯಾಲಜಿ, ಮಕ್ಕಳ ವಿಭಾಗ ಮೂರೂ ಒಂದೇ ಕಡೆ ಸಿಗುತ್ತವೆ. ಎಲ್ಲಿಗೇ ಹೋಗಿ, ಮುಂಚೆ ಫೋನ್ ಮಾಡಿ ಆ ಸ್ಪೆಷಲಿಸ್ಟ್ ಯಾವ ದಿನ ಇರುತ್ತಾರೆ ಅಂತ ಕೇಳಿ. ಕೆಲವರು ವಾರಕ್ಕೆ ಒಂದೆರಡು ದಿನ ಮಾತ್ರ ಬರುತ್ತಾರೆ. ಮದ್ದೂರು, ಮಳವಳ್ಳಿಯಿಂದ ಬಸ್ಸಲ್ಲಿ ಬಂದು ವಾಪಸ್ ಹೋಗುವುದು ಬಸುರಿಗೆ ಸುಮ್ಮನೆ ಆಯಾಸ.

"ನಮ್ಮ ಡಾಕ್ಟರಮ್ಮ ಬೇಜಾರು ಮಾಡಿಕೊಂಡರೆ?" ಅಂತ ಬಹಳ ಜನ ಕೇಳುತ್ತಾರೆ. ಅವರಿಗೇ ಹೇಳಿ ಹೋಗಿ. "ಮೇಡಂ, ಒಂದು ಸಲ ಫೀಟಲ್ ಮೆಡಿಸಿನ್ ಡಾಕ್ಟರಿಗೆ ತೋರಿಸ್ತೀವಿ, ಒಂದು ಚೀಟಿ ಬರೆದುಕೊಡಿ" ಅಂದರೆ ಸಾಕು. ಆ ಚೀಟಿ ಇದ್ದರೆ ಅಪಾಯಿಂಟ್‌ಮೆಂಟೂ ಬೇಗ ಸಿಗುತ್ತದೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು, ರಾಷ್ಟ್ರೀಯ ಮಾನವ ಹಕ್ಕು ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳಲ್ಲಿ ಒಂದು. ನೀವು ಯಾರಿಗೂ ದ್ರೋಹ ಮಾಡುತ್ತಿಲ್ಲ.

ಹೊಸ ಡಾಕ್ಟರ ಹತ್ತಿರ ಹಳೆಯ ರಿಪೋರ್ಟ್ ಮುಚ್ಚಿಡಬೇಡಿ. "ಅವರೇ ಕಂಡುಹಿಡಿತಾರಾ ನೋಡೋಣ" ಅಂತ ಪರೀಕ್ಷೆ ಮಾಡುವವರಿದ್ದಾರೆ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಎಲ್ಲಿ ಅನುಮಾನ ಅಂತ ಗೊತ್ತಿದ್ದರೆ ಅವರು ಅದೇ ಜಾಗವನ್ನು ನಾಲ್ಕು ದಿಕ್ಕಿನಿಂದ ನಿಧಾನವಾಗಿ ನೋಡುತ್ತಾರೆ. ನಿಮಗೆ ಬೇಕಾಗಿರುವುದೂ ಅದೇ ಅಲ್ವಾ? ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗಿದ್ದರೆ ಹೇಳಿ. ಮುಂಚೆ ಮಗು ಹೋಗಿದ್ದರೆ, ತವರಲ್ಲಾಗಲಿ ಗಂಡನ ಮನೆಯಲ್ಲಾಗಲಿ ಹುಟ್ಟಿನಿಂದ ತೊಂದರೆ ಇರುವ ಮಕ್ಕಳಿದ್ದರೆ ಅದನ್ನೂ ಹೇಳಿ. ಅತ್ತೆ ಎದುರಿಗೆ ಹೇಳಲು ಸಂಕೋಚ ಇದ್ದರೆ ಡಾಕ್ಟರ ಜೊತೆ ಒಬ್ಬರೇ ಮಾತಾಡಬೇಕು ಅಂತ ಕೇಳಿ.

ಹೊಸ ಕಡೆಯೂ ಗುರುತಿನ ಚೀಟಿ ಕೇಳಿ, ಫಾರ್ಮ್ ಎಫ್ ತುಂಬಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಪಿಸಿಪಿಎನ್‌ಡಿಟಿ ಕಾಯ್ದೆಯ (ಭ್ರೂಣದ ಲಿಂಗ ಪತ್ತೆ ತಡೆಯುವ ಕಾನೂನು) ಪ್ರಕಾರ ಅದು ಕಡ್ಡಾಯ, ಬೇಸರ ಮಾಡಿಕೊಳ್ಳಬೇಡಿ. ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಕದ್ದು ಸ್ಕ್ಯಾನಿಂಗ್ ಮಾಡಿ ಹೆಣ್ಣುಭ್ರೂಣ ಹತ್ಯೆ ನಡೆಸುತ್ತಿದ್ದ ಜಾಲ 2023ರಲ್ಲಿ ಸಿಕ್ಕಿಬಿದ್ದಿದ್ದು ನೆನಪಿದೆಯಲ್ಲ. ನೋಂದಣಿ ಇಲ್ಲದ ಜಾಗಕ್ಕೆ ಕಾಲಿಡಬೇಡಿ, ಗಂಡೋ ಹೆಣ್ಣೋ ಅಂತ ಬಾಯಿ ತಪ್ಪಿಯೂ ಕೇಳಬೇಡಿ.

ಒಳಗೆ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಗಾಬರಿಯಲ್ಲಿ ಎಲ್ಲ ಮರೆತುಹೋಗುತ್ತದೆ. ತೊಂದರೆ ಇರುವುದು ಖಚಿತವಾ, ಅನುಮಾನವಾ? ಮಗು ಹುಟ್ಟಿದ ಮೇಲೆ ಆಪರೇಷನ್ನಿನಿಂದ ಸರಿಹೋಗುತ್ತದಾ, ಜೀವನಪೂರ್ತಿ ಇರುತ್ತದಾ? ಇನ್ನು ಯಾವ ಪರೀಕ್ಷೆ ಬೇಕು, ಅದರ ರಿಪೋರ್ಟ್ ಯಾವ ದಿನ ಬರುತ್ತದೆ, ಆ ದಿನಕ್ಕೆ ನನಗೆ ಎಷ್ಟು ವಾರ ಆಗಿರುತ್ತದೆ? ಈ ಕೊನೆಯದನ್ನು ಬಿಡಬೇಡಿ. ಗಂಡ ಜೊತೆಗಿದ್ದರೆ ಉತ್ತರಗಳನ್ನು ಬರೆದುಕೊಳ್ಳುವ ಕೆಲಸ ಅವರದ್ದು.

ಆಮ್ನಿಯೋಸೆಂಟೆಸಿಸ್ ಅಂದರೆ ಹೊಟ್ಟೆಯ ಮೂಲಕ ಸೂಜಿ ಹಾಕಿ ಮಗುವಿನ ಸುತ್ತಲ ನೀರು ತೆಗೆದು ಪರೀಕ್ಷೆ ಮಾಡುವುದು. ಗರ್ಭ ಹೋಗುವ ಅಪಾಯ ಇದೆ, ಆದರೆ ಅನುಭವ ಇರುವವರ ಕೈಯಲ್ಲಿ ಅದು ಶೇ. 1ಕ್ಕಿಂತ ಕಡಿಮೆ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ ಆಮೇಲೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ, ನೆನಪಿಸಿ. ಸೂಜಿಗೆ ಹೆದರಿ ಎನ್‌ಐಪಿಟಿ (ತಾಯಿಯ ರಕ್ತದಿಂದಲೇ ಮಗುವಿನ ವಂಶವಾಹಿ ನೋಡುವ) ರಕ್ತ ಪರೀಕ್ಷೆ ಸಾಕು ಅನ್ನುವವರಿದ್ದಾರೆ. ಅದು ಒಳ್ಳೆಯ ಪರೀಕ್ಷೆಯೇ. ಆದರೆ ಸ್ಕ್ಯಾನಿಂಗಲ್ಲಿ ಅಂಗದಲ್ಲೇ ತೊಂದರೆ ಕಂಡಿದ್ದಾಗ ಅದು ಪೂರ್ತಿ ಉತ್ತರ ಕೊಡುವುದಿಲ್ಲ.

ಇಬ್ಬರು ಡಾಕ್ಟರು ಬೇರೆ ಬೇರೆ ಹೇಳಿದರೆ ನಿಮಗೆ ಹಿತವಾಗಿ ಕೇಳಿಸಿದ್ದನ್ನು ಆರಿಸಿಕೊಳ್ಳಬೇಡಿ. ಕಂಡಿದ್ದರಲ್ಲೇ ವ್ಯತ್ಯಾಸ ಇದೆಯಾ, ಇಬ್ಬರೂ ಒಂದೇ ಕಂಡು ಅದರ ಪರಿಣಾಮದ ಬಗ್ಗೆ ಬೇರೆ ಹೇಳುತ್ತಿದ್ದಾರಾ ಅಂತ ನೋಡಿ. ಇಬ್ಬರೂ ಫೋನಲ್ಲಿ ಮಾತಾಡಿಕೊಳ್ಳಲು ಸಾಧ್ಯವಾ ಅಂತ ಕೇಳಿ, ಬಹಳ ಡಾಕ್ಟರು ಮಾತಾಡುತ್ತಾರೆ. ಪರಿಣಾಮದ ಬಗ್ಗೆ ಆದರೆ, ಆ ಅಂಗಕ್ಕೆ ಮುಂದೆ ಚಿಕಿತ್ಸೆ ಕೊಡುವ ಮಕ್ಕಳ ಸರ್ಜನ್ನನ್ನೋ ಮಕ್ಕಳ ಹೃದಯದ ಡಾಕ್ಟರನ್ನೋ ಕಂಡರೆ ಚಿತ್ರ ಸ್ಪಷ್ಟವಾಗುತ್ತದೆ.

ರಕ್ತ ಹೋಗುತ್ತಿದ್ದರೆ, ನೀರು ಸೋರುತ್ತಿದ್ದರೆ, ಮಗುವಿನ ಓಡಾಟ ಕಡಿಮೆಯಾಗಿದ್ದರೆ, ತಲೆನೋವು ಜೊತೆ ಕಣ್ಣು ಮಂಜಾಗಿದ್ದರೆ ಎರಡನೇ ಅಭಿಪ್ರಾಯ ಅಂತೆಲ್ಲ ಅಲೆಯಬೇಡಿ, ಹತ್ತಿರದ ಆಸ್ಪತ್ರೆಗೆ ಸೇರಿ. ಕೊನೆಯ ತಿಂಗಳುಗಳಲ್ಲಿ ಡಾಪ್ಲರ್ ನೋಡಿ ರಕ್ತದ ಹರಿವು ಸರಿಯಿಲ್ಲ, ಅಡ್ಮಿಟ್ ಆಗಿ ಅಂದರೂ ಅಷ್ಟೇ.

ಮನೆಯವರಿಗೊಂದು ಮಾತು. ಗ್ರಹಣದ ದಿನ ಹೊರಗೆ ಬಂದಳು, ಪಪ್ಪಾಯಿ ತಿಂದಳು, ಅದಕ್ಕೇ ಹೀಗಾಯಿತು ಅಂತ ಅವಳೆದುರು ಆಡಬೇಡಿ. ಗ್ರಹಣದಿಂದ ಸೀಳುತುಟಿ ಬರುವುದಿಲ್ಲ. ಅವಳ ತಪ್ಪಿಲ್ಲದ ವಿಷಯಕ್ಕೆ ಅವಳನ್ನು ಹೊಣೆ ಮಾಡುವುದು ಕ್ರೌರ್ಯ. ಗರ್ಭ ಉಳಿಸಿಕೊಳ್ಳುವುದೋ ಬಿಡುವುದೋ ಅನ್ನುವುದಕ್ಕೆ ಕಾನೂನು ಕೇಳುವುದು 18 ವರ್ಷ ತುಂಬಿದ ಹೆಂಗಸಿನ ಒಪ್ಪಿಗೆ ಮಾತ್ರ, ಗಂಡನ ಸಹಿ ಬೇಕು ಅಂತ ಎಲ್ಲೂ ಇಲ್ಲ.

ಉಳಿಸಿಕೊಳ್ಳುವುದು ಅಂತಾದರೆ ಹೆರಿಗೆ ಎಲ್ಲಿ ಅಂತ ಈಗಲೇ ಗೊತ್ತು ಮಾಡಿ. ನವಜಾತ ಶಿಶುಗಳ ಐಸಿಯು ಇರುವ ಕಡೆಯೇ ಆಗಬೇಕು. ಸೀಳುತುಟಿ, ಸೊಟ್ಟ ಪಾದ, ಹುಟ್ಟಿನಿಂದ ಬಂದ ಹೃದಯದ ತೊಂದರೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಉಚಿತ ಚಿಕಿತ್ಸೆ ಇದೆ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಗರ್ಭ ಉಳಿಯದೇ ಹೋದರೆ, ಕಾರಣ ತಿಳಿಯಲು ಯಾವ ಪರೀಕ್ಷೆ ಮಾಡಬಹುದು ಅಂತ ಮುಂಚೆಯೇ ಡಾಕ್ಟರ ಜೊತೆ ಮಾತಾಡಿಕೊಳ್ಳಿ, ಆಮೇಲೆ ಸಾಧ್ಯವಾಗುವುದಿಲ್ಲ. ಮಗುವಿಗೆ ಬೆನ್ನುಹುರಿಯ ತೊಂದರೆ ಆಗಿದ್ದ ತಾಯಂದಿರು ಮುಂದಿನ ಸಲ ಬಸುರಿಯಾಗುವ ಮುಂಚಿನಿಂದಲೇ ಜಾಸ್ತಿ ಪ್ರಮಾಣದ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕಾಗುತ್ತದೆ. ಎಷ್ಟು ಅಂತ ಡಾಕ್ಟರೇ ಬರೆದುಕೊಡುತ್ತಾರೆ, ಆಗ ಈ ಫೈಲನ್ನೂ ತೆಗೆದುಕೊಂಡು ಹೋಗಿ.