ಪಂಚಮಿಯ ಮದರಂಗಿ: ಚಿತ್ತಾರಕ್ಕಿಂತ ಮೊದಲು ಕೈಯ ಕೆಲಸ ನೋಡಿ

ಶ್ರಾವಣ ಹತ್ತಿರವಾದಂತೆ ಹುಬ್ಬಳ್ಳಿಯ ದುರ್ಗದಬೈಲಿಗೂ ಧಾರವಾಡದ ಸುಭಾಸ ರಸ್ತೆಗೂ ಹಸಿರು ಬಳೆ ಕೊಳ್ಳಲು ಹೋದವರು ಒಂದೆರಡು ಮದರಂಗಿ ಕೋನುಗಳನ್ನೂ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ಆಮೇಲೆ ಮೊಬೈಲಿನಲ್ಲಿ ಚಿತ್ತಾರದ ಹುಡುಕಾಟ ಶುರುವಾಗುತ್ತದೆ. ಅಲ್ಲಿ ಸಿಗುವ ಚಿತ್ರಗಳಲ್ಲಿ ಹೆಚ್ಚಿನವು ಮದುವಣಗಿತ್ತಿಯ ಕೈಗಳವು. ಮೂರು ನಾಲ್ಕು ತಾಸು ಕುಳಿತು ಹಾಕಿಸಿಕೊಂಡು, ಮರುದಿನ ಒಂದು ಲೋಟವನ್ನೂ ತೊಳೆಯದ ಕೈಗಳು. ಪಂಚಮಿಯ ಕೈ ಹಾಗಲ್ಲ. ಅದು ರೊಟ್ಟಿ ಬಡಿಯಬೇಕು, ಬೆಲ್ಲದ ಪಾಕ ಆರುವ ಮೊದಲೇ ಉಂಡಿ ಕಟ್ಟಬೇಕು, ನಾಗಪ್ಪನಿಗೆ ಹಾಲೆರೆಯಬೇಕು, ಸಂಜೆ ಜೋಕಾಲಿಯ ಹಗ್ಗ ಹಿಡಿಯಬೇಕು. ಆದ್ದರಿಂದ ರೊಟ್ಟಿ ಹಬ್ಬ, ನಾಗರ ಚೌತಿ, ಪಂಚಮಿ ಎಂಬ ಹಬ್ಬದ ಮೂರು ದಿನ ಈ ಕೈಗೆ ಯಾವ ಕೆಲಸವಿದೆ ಎಂಬುದನ್ನು ಮೊದಲು ಕೇಳಿಕೊಂಡು, ಯಾವ ಚಿತ್ತಾರ ಚಂದ ಎಂಬುದನ್ನು ಆಮೇಲೆ ನೋಡುವುದು ಒಳ್ಳೆಯದು.

ನಾನು ಈ ಕ್ರಮವನ್ನು ಕೈ ಸುಟ್ಟುಕೊಂಡೇ ಕಲಿತವಳು. ಒಂದು ವರ್ಷ ರೊಟ್ಟಿ ಹಬ್ಬದ ಹಿಂದಿನ ರಾತ್ರಿ ಅಂಗೈ ತುಂಬ ನವಿಲು ಬರೆದುಕೊಂಡು, ಬೆಳಗ್ಗೆ ಎರಡು ಸೇರು ಜೋಳದ ಹಿಟ್ಟಿನ ರೊಟ್ಟಿ ಬಡಿದೆ. ಬಿಸಿನೀರಿಗೆ ನಾದಿದ ಹಿಟ್ಟು, ಹಂಚಿನ ಝಳ, ಒಣಹಿಟ್ಟಿನ ಉಜ್ಜು ಇವೆಲ್ಲ ಸೇರಿ ಚೌತಿಯ ಹೊತ್ತಿಗೆ ನವಿಲಿನ ಗರಿಗಳು ಮಾಸಿ, ಕೊಕ್ಕು ಮಾತ್ರ ಉಳಿದಿತ್ತು.

ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಚರ್ಮದ ಕೆರಟಿನ್ನಿನೊಂದಿಗೆ ಕೂಡಿಕೊಳ್ಳುವುದರಿಂದ ರಂಗು ಬರುತ್ತದೆ, ಮತ್ತು ಇದಕ್ಕೆ ಸಮಯ ಬೇಕು. ಒಣಗಿದ ಮದರಂಗಿಯನ್ನು ಕೆರೆದು ತೆಗೆದಾಗ ಕಿತ್ತಳೆಯಂತೆ ಕಾಣುವ ಬಣ್ಣ 24ರಿಂದ 48 ತಾಸುಗಳಲ್ಲಿ ಕೆಂಪುಗಂದಾಗುತ್ತ ಹೋಗುತ್ತದೆ. ಹಾಗಾಗಿ ಚೌತಿಯ ಬೆಳಗ್ಗೆ ಹಾಲೆರೆಯುವಾಗ ಕೈ ಚಂದ ಕಾಣಬೇಕೆಂದರೆ ಎರಡು ರಾತ್ರಿ ಮುಂಚೆ ಹಚ್ಚಿಕೊಳ್ಳಬೇಕು. ಆರರಿಂದ ಎಂಟು ತಾಸು ಹಾಗೇ ಬಿಟ್ಟು, ನೀರು ಮುಟ್ಟಿಸದೆ ಕೆರೆದು, ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಮರುದಿನವೇ ರೊಟ್ಟಿಯ ಪಾಳಿ ಇರುವವರು ಇನ್ನೂ ಒಂದು ದಿನ ಹಿಂದಕ್ಕೆ ಸರಿಯಬೇಕು.

ಅಂಗೈಯ ಚರ್ಮ ದಪ್ಪವಾದ್ದರಿಂದ ಅಲ್ಲಿ ರಂಗು ಗಾಢವಾಗಿ ಏರುತ್ತದೆ, ಆದರೆ ಕೆಲಸದ ಉಜ್ಜಾಟಕ್ಕೆ ಮೊದಲು ಸಿಗುವುದೂ ಅದೇ. ರೊಟ್ಟಿ ಬಡಿಯುವವರಿಗೆ ನಮ್ಮ ಅಜ್ಜಿಯರ ಕಾಲದ ಚಿತ್ತಾರವೇ ಇಂದಿಗೂ ಸರಿ: ಅಂಗೈ ನಡುವೆ ತುಂಬಿದ ಒಂದು ಚಂದ್ರ, ಸುತ್ತ ಚುಕ್ಕಿ, ಬೆರಳ ತುದಿಗಳಿಗೆ ಟೋಪಿ. ಒರಳಿನಲ್ಲಿ ಅರೆದ ಎಲೆಯ ಮುದ್ದೆಯಿಂದ ಸಣ್ಣ ಗೆರೆ ಎಳೆಯಲಾಗದ್ದರಿಂದ ಅದು ಹಾಗೆ ಹುಟ್ಟಿತೆಂಬುದು ನಿಜವಿರಬಹುದು, ಆದರೂ ತುಂಬಿದ ಚಂದ್ರ ಸವೆದರೂ ಚಂದ್ರನಾಗಿಯೇ ಉಳಿಯುತ್ತಾನೆ, ಎಳೆಯಂಥ ಗೆರೆ ಸವೆದರೆ ಕಲೆಯಾಗಿ ಕಾಣುತ್ತದೆ. ಮುಂಗೈಯಲ್ಲಿ ಬಣ್ಣ ತುಸು ತಿಳಿಯಾಗಿಯೇ ಬರುವುದರಿಂದ ಅಲ್ಲಿ ಗೆರೆಗಳು ದಪ್ಪವಿರಲಿ, ನಡುವೆ ಬಿಳಿ ಜಾಗವೂ ಧಾರಾಳವಾಗಿರಲಿ. ಅರಿಷಿಣ ಕುಂಕುಮ ಕೊಡುವಾಗಲೂ ಆರತಿ ಎತ್ತುವಾಗಲೂ ಜೋಕಾಲಿಯ ಹಗ್ಗ ಹಿಡಿದಾಗಲೂ ಎದುರಿನವರ ಕಣ್ಣಿಗೆ ಬೀಳುವುದು ಮುಂಗೈ ಮತ್ತು ಬೆರಳುಗಳೇ. ಪಂಚಮಿಯಲ್ಲಿ ಒಂದೇ ಕಡೆ ಬಿಡಿಸಲು ಸಮಯವಿದ್ದರೆ ನಾನು ಮುಂಗೈಯನ್ನೇ ಆರಿಸುತ್ತೇನೆ. ತೋರುಬೆರಳಿನಿಂದ ಮಣಿಕಟ್ಟಿನವರೆಗೆ ಓರೆಯಾಗಿ ಇಳಿಯುವ ಬಳ್ಳಿ, ಅಂದರೆ ಕೋನು ಹಿಡಿದವರು ಅರೇಬಿಕ್ ಎನ್ನುವ ಮಾದರಿ, ಇಲ್ಲಿ ಚೆನ್ನಾಗಿ ಒಪ್ಪುತ್ತದೆ ಮತ್ತು ಬೇಗ ಮುಗಿಯುತ್ತದೆ.

ಬಳ್ಳಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಳೆಗಳು ಹೇಳುತ್ತವೆ. ಹಸಿರು ಗಾಜಿನ ಬಳೆ, ಪಾಟ್ಲಿ, ಬಿಲ್ವಾರ ತೊಡುವವರು ಅವನ್ನು ಏರಿಸಿಕೊಂಡು ನೋಡಿ, ಅವು ಕೂಡುವ ಜಾಗಕ್ಕಿಂತ ಒಂದು ಬೆರಳು ಮುಂಚೆಯೇ ಅಂಚು ಮುಗಿಸಬೇಕು.

ಇನ್ನು ಏನನ್ನು ಬರೆಯುವುದು? ನಮ್ಮ ಭಾಗದವರು ಇದಕ್ಕಾಗಿ ದೂರ ಹೋಗಬೇಕಿಲ್ಲ. ಧಾರವಾಡದ ಕಸೂತಿಯಲ್ಲಿ ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲು, ಗಿಳಿ ಎಲ್ಲವೂ ಇವೆ. ಆದರೆ ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ, ಅದರ ಗೆರೆಗಳು ನೇರ ಅಥವಾ ಓರೆ. ಕೋನಿಗೋ ಬಾಗು ಬಳುಕು ಸಲೀಸು. ಆದ್ದರಿಂದ ಇಡೀ ಸೆರಗನ್ನು ಕೈಗಿಳಿಸಲು ಹೋಗದೆ, ರಂಗೋಲಿಗೆ ಇಡುವಂತೆ ಮೊದಲು ಚುಕ್ಕಿಗಳನ್ನಿಟ್ಟು, ಅವನ್ನು ಕೂಡಿಸಿ ಒಂದೇ ಒಂದು ತುಳಸಿ ಕಟ್ಟೆಯನ್ನೋ ತೇರನ್ನೋ ಬಿಡಿಸುವುದು ಉತ್ತಮ. ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿ ಹೊಲಿಗೆಯ ಸಾಲು ಮಣಿಕಟ್ಟಿಗೆ ಒಳ್ಳೆಯ ಅಂಚಾಗುತ್ತದೆ, ಅದರಲ್ಲೂ ಇಳಕಲ್ ಸೀರೆ ಉಡುವವರಿಗೆ. ದುಂಡು ಚಿತ್ತಾರ ಬೇಕೆನ್ನುವವರು ಹಾವೇರಿ ಜಿಲ್ಲೆಯ ಹಾನಗಲ್ಲಿನ ತಾರಕೇಶ್ವರ ಗುಡಿಯ ಛಾವಣಿಯ ಒಳಬದಿಯಲ್ಲಿ ಕೆತ್ತಿದ ಕಮಲವನ್ನು ನೋಡಿ ಬರಬಹುದು. ಸುತ್ತಿನೊಳಗೆ ಸುತ್ತು ಹೇಗೆ ಕೂಡಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ಬಳ್ಳಿಗಳಿಗಾದರೆ ಗದಗಿನ ಹತ್ತಿರದ ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಬಾಗಿಲವಾಡವಿದೆ.

ನಾಗಪ್ಪನ ಹಬ್ಬವಾದ್ದರಿಂದ ನಾಗನನ್ನು ಬರೆಯಬೇಕೇ ಎಂದು ಕೇಳುವವರಿದ್ದಾರೆ. ನಾಗರಕಲ್ಲಿನ ಮೇಲೆ ಹೆಣೆದುಕೊಂಡಿರುವ ಜೋಡಿ ನಾಗರಗಳ ಹೆಣಿಕೆಯನ್ನು ಮುಂಗೈಗೆ ಎಳೆದರೆ ಚಂದವೇ. ಆದರೆ ಹೆಡೆ, ಕಣ್ಣು, ಗಣಪತಿಯ ಅಥವಾ ಲಕ್ಷ್ಮಿಯ ಮುಖ ಇವನ್ನು ಅಂಗೈಗೆ ಬರೆಯುವುದು ನನಗೆ ಸರಿಬರುವುದಿಲ್ಲ. ಉಣ್ಣುವ, ಮುಸುರೆ ತಿಕ್ಕುವ ಕೈ ಅದು. ವರಮಹಾಲಕ್ಷ್ಮಿಗೆ ಕಳಸ ಅಥವಾ ಕಮಲ, ದೀಪಾವಳಿಗೆ ಹಣತೆಯ ಸಾಲು ಸಾಕು. ದಸರೆಯಲ್ಲಿ ಬನ್ನಿ ಕೊಡುವಾಗ ಅಂಗೈ ತೆರೆಯುವುದರಿಂದ ಆಗ ಮಾತ್ರ ಅಂಗೈಗೆ ಹೆಚ್ಚು ಗಮನ ಕೊಡಬಹುದು.

ಚಿತ್ತಾರ ಎಷ್ಟೇ ಚಂದವಿರಲಿ, ಕೋನು ಕೆಟ್ಟದಿದ್ದರೆ ವ್ಯರ್ಥ. ಅರ್ಧ ತಾಸಿನಲ್ಲೇ ಕಪ್ಪು ಬಣ್ಣ ಬರುತ್ತದೆ ಎನ್ನುವ ಕೋನನ್ನು ಕೊಳ್ಳಬೇಡಿ. ಮದರಂಗಿಯ ರಂಗು ಹಾಗೆ ಬರುವುದಿಲ್ಲ. ಕಪ್ಪು ಮೆಹಂದಿಯಲ್ಲಿ ಅನೇಕ ಸಲ ತಲೆಗೂದಲಿನ ಬಣ್ಣಕ್ಕೆ ಬಳಸುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುತ್ತದೆ, ಅದರಿಂದ ಚರ್ಮದ ಮೇಲೆ ಗುಳ್ಳೆ ಎದ್ದು ಕಲೆ ಉಳಿಯಬಹುದು. ಬರೀ ಎಲೆಯ ಪುಡಿ, ಲಿಂಬೆರಸ, ಸಕ್ಕರೆ ಕಲಸಿದ ಕೋನು ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಕೆಡುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಅಂಗಡಿಯಲ್ಲಿದ್ದ ಕೋನಿನ ಮೇಲೆ ಸಂಶಯವಿರಲಿ. ಹೊಸ ಕೋನನ್ನು ಮೊಣಕೈ ಒಳಭಾಗಕ್ಕೆ ಒಂದು ಚುಕ್ಕಿ ಹಚ್ಚಿ ಎರಡು ದಿನ ನೋಡಿ. ಕೂಸುಗಳಿಗೆ ಹಚ್ಚುವುದೇ ಬೇಡ. ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದು ಹೂವು, ಎರಡು ಎಲೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಅವರು ಕೂಡುವುದೂ ಇಲ್ಲ.

ಕೊನೆಯದಾಗಿ ಸರದಿಯ ವಿಚಾರ. ತವರಿಗೆ ಬಂದ ಅಕ್ಕತಂಗಿಯರೆಲ್ಲ ಮೊದಲು ಕೈ ಚಾಚುತ್ತಾರೆ. ಅಡುಗೆಮನೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬರುವ ವೈನಿಗೆ, ಅಂದರೆ ಅತ್ತಿಗೆಗೆ, ಅಷ್ಟು ಹೊತ್ತಿಗೆ ಅರ್ಧ ಕೋನು, ಅವಸರದ ಒಂದು ಹೂವು ಉಳಿದಿರುತ್ತದೆ. ಅವಳ ಎಡಗೈಯನ್ನು ಒಂದು ಸಂಜೆ, ಬಲಗೈಯನ್ನು ಮತ್ತೊಂದು ಸಂಜೆ ಮುಗಿಸಿ, ಆ ಎರಡೂ ಸಂಜೆ ಒಲೆಯ ಮುಂದೆ ಬೇರೆ ಯಾರಾದರೂ ನಿಲ್ಲುವಂತೆ ಮೊದಲೇ ಮಾತಾಡಿಕೊಂಡಿರಬೇಕು.