ಗೌಂಡಿ ಸುಮ್ನೆ ನಿಂತಿರಲಿಲ್ಲ

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂ.ಟೆಕ್ ಥೀಸಿಸ್‌ಗೆ ನಾನು ಮೊದಲು ಹಿಡಿದದ್ದು ಪ್ರಶ್ನಾವಳಿ. ಕಟ್ಟಡದ ಕೆಲಸ ಯಾಕೆ ತಡ ಆಗುತ್ತದೆ ಅಂತ ಹುಬ್ಬಳ್ಳಿ-ಧಾರವಾಡದ ಗುತ್ತಿಗೆದಾರರನ್ನು ಕೇಳಿದೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು: "ಆಳು ಕೆಲಸಾ ಮಾಡಂಗಿಲ್ರಿ." ನನ್ನ ಗೈಡ್ ಹಾಳೆ ತಿರುವಿ, "ಇದು ಅವರು ಹೇಳಿದ್ದು. ನೀನೇನ್ ನೋಡಿದಿ?" ಎಂದರು.

ಆಗ ವರ್ಕ್ ಸ್ಯಾಂಪ್ಲಿಂಗ್ ಕಲಿತೆ. ಮಗ್ಗಗಳು ಎಷ್ಟು ಹೊತ್ತು ನಿಂತಿರುತ್ತವೆ ಅಂತ ತಿಳಿಯಲು ಸಂಖ್ಯಾಶಾಸ್ತ್ರಜ್ಞ ಟಿಪ್ಪೆಟ್ ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಶುರು ಮಾಡಿದ ಪದ್ಧತಿ ಇದು. ದಿನವಿಡೀ ಗಡಿಯಾರ ಹಿಡಿದು ನಿಲ್ಲಬೇಕಿಲ್ಲ. ಚೀಟಿ ಎತ್ತಿದ ಹಾಗೆ ಬಂದ ಹೊತ್ತಿಗೆ ಹೋಗಿ, ಒಮ್ಮೆ ನೋಡಿ, ಯಾರು ಏನು ಮಾಡುತ್ತಿದ್ದಾರೆ ಅಂತ ಗುರುತು ಹಾಕಬೇಕು. ಪ್ರತಿ ತಾಸಿಗೆ ಸರಿಯಾಗಿ ಹೋದರೆ ದಿನಾ ಚಹಾದ ಹೊತ್ತೇ ಸಿಕ್ಕಿಬಿಡಬಹುದು, ಅದಕ್ಕೇ ಚೀಟಿ. ನೂರಕ್ಕೆ 95 ಸಲ ನಮ್ಮ ಉತ್ತರ ನಿಜಕ್ಕಿಂತ ಶೇ. 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದು (ಶೇ. 95 ವಿಶ್ವಾಸ, ಶೇ. 5 ತಪ್ಪು) ಅಂತ ಲೆಕ್ಕ ಹಾಕಿದರೆ 385 ನೋಟ ಬೇಕು.

ಇಲ್ಲೇ ನಾನು ಎಡವಿದ್ದು. ಒಂದೇ ಸಲಕ್ಕೆ ಎಂಟು ಜನರನ್ನು ನೋಡಿ ಎಂಟು ನೋಟ ಅಂತ ಎಣಿಸಿದೆ. ಆದರೆ ಆ ಎಂಟೂ ಜನ ಒಂದೇ ಬುಟ್ಟಿ ಮಾಲಿಗೆ, ಅಂದರೆ ಕಲಸಿದ ಸಿಮೆಂಟು-ಉಸುಕಿಗೆ, ಕಾಯುತ್ತಿದ್ದರೆ? ಎಂಟು ಬೇರೆ ಬೇರೆ ಸಾಕ್ಷಿ ಹೇಗಾಗುತ್ತದೆ? ಇದು ಹೊಳೆದ ಮೇಲೆ ಸೈಟಿಗೆ ಹೋಗುವ ಸರತಿಯನ್ನೇ ಜಾಸ್ತಿ ಮಾಡಿದೆ. ಧಾರವಾಡದಿಂದ ಹುಬ್ಬಳ್ಳಿ ಕಡೆಯ ಚಿಗರಿ ಬಸ್ ಹತ್ತಿ, ಸೈಟ್ ಇದ್ದ ನವನಗರದಲ್ಲಿ ಇಳಿಯುವುದು ದಿನದ ಕೆಲಸ ಆಯಿತು. ಮೊದಲ ಕೆಲವು ದಿನದ ಹಾಳೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ನನ್ನನ್ನು ಕಂಡು ಎಲ್ಲರೂ ಬಿರುಸಾಗಿ ಕೆಲಸ ಮಾಡುತ್ತಿದ್ದರು.

ಹಾಳೆಯಲ್ಲಿ ಮೂರು ಕಾಲಂ: ನೇರ ಕೆಲಸ, ಪೂರಕ ಕೆಲಸ, ಸುಮ್ನೆ ನಿಂತದ್ದು. ಬ್ಲಾಕ್ ಕೂರಿಸಿದರೆ ನೇರ ಕೆಲಸ, ದಾರ ಕಟ್ಟಿದರೆ ಪೂರಕ. ಒಂದು ಬೆಳಿಗ್ಗೆ ಹಿರಿಯ ಗೌಂಡಿಯೊಬ್ಬರು ನನ್ನ ಹಾಳೆಗೆ ಇಣುಕಿ, "ನಾ ನಿಂತದ್ದು ಎಲ್ಲಿ ಬರದೀರಿ?" ಎಂದರು. ತೋರಿಸಿದೆ. ಅವರು ಏನೂ ಹೇಳದೆ ಕರಣಿಯಿಂದ ಗೇಟಿನ ಕಡೆ ಕೈ ಮಾಡಿದರು. ಉಸುಕಿನ ಗುಡ್ಡೆ ಅಲ್ಲಿ, ಗೋಡೆ ಇಲ್ಲಿ ಹಿಂದೆ. ಉಸುಕು ಸಾಣಿಸುವ ಹೆಣ್ಣಾಳು ಬಂದದ್ದೂ ಗೌಂಡಿ ಬಂದ ಹೊತ್ತಿಗೇ. ಡ್ರಮ್ಮಿನಲ್ಲಿ ನೀರಿಲ್ಲ, ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ಮಾಲು ಕಲಸುವುದು ಹೇಗೆ?

ಆ ರಾತ್ರಿಯೇ ಮೂರನೇ ಕಾಲಂ ಒಡೆದೆ: ಮಾಲಿಗೆ ಕಾದದ್ದು, ನೀರಿಗೆ ಕಾದದ್ದು, ಅಳತೆ ಹೇಳುವವರಿಗೆ ಕಾದದ್ದು, ದಣಿವಾರಿಸಿಕೊಂಡದ್ದು. ಹಳೆಯ ಹಾಳೆಗಳಿಂದ ಇದು ತಿಳಿಯುವಂತಿರಲಿಲ್ಲ. ಎಲ್ಲವನ್ನೂ ಬದಿಗಿಟ್ಟು ಒಂದನೇ ನೋಟದಿಂದ ಮತ್ತೆ ಶುರು ಮಾಡಿದೆ. ಒಂದು ತಿಂಗಳ ದುಡಿಮೆ ಹೋಯಿತು ಅಂತ ಹೊಟ್ಟೆ ಉರಿಯಿತು, ನಿಜ.

ಹೊಸ ಹಾಳೆ ತುಂಬುತ್ತಾ ಹೋದ ಹಾಗೆ ದಣಿವಿನ ಕಾಲಂಗಿಂತ ಮಾಲಿನ ಕಾಲಂ ಬೇಗ ಬೇಗ ತುಂಬಿತು. ಅದನ್ನು ಸೈಟಿನ ಮೇಸ್ತ್ರಿಗೆ ತೋರಿಸಿದೆ. ಮರುದಿನ ಹೋದಾಗ ಉಸುಕು ಗೋಡೆಯ ಹತ್ತಿರ ಬಿದ್ದಿತ್ತು, ಸಾಣಿಸುವವರು ಅರ್ಧ ತಾಸು ಮೊದಲೇ ಬಂದಿದ್ದರು.